ಒಪ್ಪಂದದಲ್ಲಿ ಭಾರತಕ್ಕೂ ಒಂದು ಕಲಮು ಇತ್ತು

ಮಾನ್ಯರೇ,

ಬ್ರಿಟಿಷರ ಕೈಯಲ್ಲಿದ್ದ ಸಿಂಗಪುರ 1942ರಲ್ಲಿ ಜಪಾನಿನ ವಶವಾದದ್ದನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ಪ್ರತಿಕ್ರಿಯಿಸಿ ನೀವು ಬರೆದ ಪತ್ರ ತಲುಪಿತು. ಬ್ರಿಟನ್ ಮತ್ತು ಜಪಾನಿನ ಮೈತ್ರಿ ಕೊನೆಗೊಂಡದ್ದು 1921ರಲ್ಲಿ ಎಂದು ಲೇಖನದೊಳಗೂ 1923ರಲ್ಲಿ ಎಂದು ಪಕ್ಕದ ಚೌಕಟ್ಟಿನಲ್ಲೂ ಅಚ್ಚಾಗಿರುವುದನ್ನು ಎತ್ತಿ ತೋರಿಸಿ, ಯಾವುದು ಸರಿ ಎಂದು ಕೇಳಿದ್ದೀರಿ. ಇಪ್ಪತ್ತು ವರ್ಷ ಮಿತ್ರರಾಗಿದ್ದವರು ಮತ್ತಿಪ್ಪತ್ತು ವರ್ಷ ಕಳೆಯುವುದರೊಳಗೆ ಶತ್ರುಗಳಾದದ್ದು ಹೇಗೆ, ಇದರಲ್ಲಿ ದ್ರೋಹ ಬಗೆದವರು ಯಾರು ಎಂಬುದು ನಿಮ್ಮ ಮುಖ್ಯ ಪ್ರಶ್ನೆ. ಮೈಸೂರು ಸಂಸ್ಥಾನದ ಪದಾತಿ ದಳದಲ್ಲಿದ್ದು ಸಿಂಗಪುರದಲ್ಲಿ ಸೆರೆಸಿಕ್ಕ ನಿಮ್ಮ ಅಜ್ಜನವರು, ಏಷ್ಯಾದವರ ಬಿಡುಗಡೆಗಾಗಿ ಜಪಾನ್ ಹೋರಾಡಿತೆಂಬ ಮಾತನ್ನು ಸಾಯುವವರೆಗೂ ಒಪ್ಪಲಿಲ್ಲವೆಂದೂ ಬರೆದಿದ್ದೀರಿ.

ಇಸವಿಯ ವಿಷಯವನ್ನು ಮೊದಲು ಮುಗಿಸುತ್ತೇನೆ. ಎರಡೂ ಸರಿ, ಆದರೆ ಎರಡಕ್ಕೂ ಇರುವ ಅರ್ಥವನ್ನು ಹೇಳದೆ ಬಿಟ್ಟದ್ದು ನಮ್ಮ ತಪ್ಪು. ಬ್ರಿಟನ್, ಅಮೆರಿಕ, ಫ್ರಾನ್ಸ್ ಮತ್ತು ಜಪಾನ್ ಸೇರಿ 1921ರ ಡಿಸೆಂಬರ್ 13ರಂದು ವಾಷಿಂಗ್ಟನ್ನಿನಲ್ಲಿ ಮಾಡಿಕೊಂಡ ಚತುರ್ರಾಷ್ಟ್ರ ಒಪ್ಪಂದವು, ತಾನು ಸ್ಥಿರೀಕರಣಗೊಂಡ (ಸಹಿ ಹಾಕಿದ ದೇಶಗಳ ಅಂತಿಮ ಒಪ್ಪಿಗೆ ಪಡೆದ) ದಿನ ಹಳೆಯ ಮೈತ್ರಿ ರದ್ದಾಗುತ್ತದೆ ಎಂದು ಹೇಳಿತ್ತು. ಆ ಸ್ಥಿರೀಕರಣ ನಡೆದದ್ದು 1923ರ ಆಗಸ್ಟ್ 17ರಂದು.

ಇನ್ನು ದ್ರೋಹದ ಮಾತು. ದ್ರೋಹವಾಗಬೇಕಾದರೆ ಮೊದಲು ಸ್ನೇಹವಿರಬೇಕು. ಅದು ಯಾವ ಬಗೆಯ ಸ್ನೇಹವಾಗಿತ್ತೆಂದು ತಿಳಿಯಲು ಒಪ್ಪಂದದ ಕಲಮುಗಳನ್ನೇ ಓದುವುದು ಒಳ್ಳೆಯದು. ಮೊದಲ ಒಪ್ಪಂದಕ್ಕೆ 1902ರ ಜನವರಿ 30ರಂದು ಲಂಡನ್ನಿನಲ್ಲಿ ಬ್ರಿಟಿಷ್ ವಿದೇಶಾಂಗ ಸಚಿವ ಲಾರ್ಡ್ ಲ್ಯಾನ್ಸ್‌ಡೌನ್ ಮತ್ತು ಜಪಾನಿನ ಪ್ರತಿನಿಧಿ ಹಯಾಶಿ ತದಾಸು ಸಹಿ ಹಾಕಿದರು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಸಿಕ್ಕಿಬಿದ್ದಿದ್ದ ಬ್ರಿಟನ್ನಿಗೆ ಪೂರ್ವದ ಸಮುದ್ರಗಳನ್ನು ಒಂಟಿಯಾಗಿ ಕಾಯುವುದು ಹೊರೆಯಾಗಿತ್ತು. ಮಂಚೂರಿಯಾದಲ್ಲಿ ಬೀಡುಬಿಟ್ಟ ರಷ್ಯಾ ಕೊರಿಯಾದತ್ತ ಕಣ್ಣು ಹಾಯಿಸುವುದನ್ನು ಜಪಾನ್ ಸಹಿಸುವಂತಿರಲಿಲ್ಲ. ಒಬ್ಬನೇ ಶತ್ರುವಿನೊಡನೆ ಯುದ್ಧವಾದರೆ ಇನ್ನೊಬ್ಬರು ತಟಸ್ಥವಾಗಿರಬೇಕು, ಎರಡನೆಯ ಶತ್ರು ಸೇರಿಕೊಂಡರೆ ನೆರವಿಗೆ ಬರಬೇಕು ಎಂಬುದಷ್ಟೇ ಆಗಿನ ಕರಾರು. ಅದಕ್ಕೆ ಐದು ವರ್ಷದ ಅವಧಿಯೂ ಇತ್ತು.

ಈ ಲೆಕ್ಕಾಚಾರದ ಹಿಂದೆ ಹಳೆಯ ಗಾಯವೊಂದಿತ್ತು, ಹಳೆಯ ಗುರುಶಿಷ್ಯ ಸಂಬಂಧವೂ ಇತ್ತು. 1862ರಲ್ಲಿ ಯೊಕೊಹಾಮಾದ ಹತ್ತಿರ ಸತ್ಸುಮಾ ಸಂಸ್ಥಾನದ ಸಮುರಾಯಿಗಳು ಒಬ್ಬ ಇಂಗ್ಲಿಷ್ ವರ್ತಕನನ್ನು ಕಡಿದು ಕೊಂದರು. ಮರುವರ್ಷ ಬ್ರಿಟಿಷ್ ನೌಕಾಪಡೆ ಆ ಸಂಸ್ಥಾನದ ರಾಜಧಾನಿ ಕಾಗೊಶಿಮಾದ ಮೇಲೆ ಗುಂಡಿನ ಮಳೆಗರೆದು ಊರಿನ ದೊಡ್ಡ ಭಾಗವನ್ನು ಸುಟ್ಟಿತು. ಅಂದು ದಡದ ಫಿರಂಗಿಯ ಪಕ್ಕದಲ್ಲಿ ನಿಂತಿದ್ದವರಲ್ಲಿ ಹದಿನೈದು ವರ್ಷದ ತೋಗೊ ಹೈಹಾಚಿರೋ ಎಂಬ ಹುಡುಗನೂ ಇದ್ದ. ಎಂಟು ವರ್ಷದ ನಂತರ ಅದೇ ಹುಡುಗ ನೌಕಾವಿದ್ಯೆ ಕಲಿಯಲು ಇಂಗ್ಲೆಂಡಿಗೇ ಹೋಗಿ ಏಳು ವರ್ಷ ಅಲ್ಲಿದ್ದ. 1905ರ ಮೇ ತಿಂಗಳಲ್ಲಿ ತ್ಸುಶಿಮಾ ಜಲಸಂಧಿಯಲ್ಲಿ ರಷ್ಯಾದ ನೌಕಾಪಡೆಯನ್ನು ಮುಳುಗಿಸಿದ ಅಡ್ಮಿರಲ್ ತೋಗೊ ಇವರೇ. ಅವರು ನಿಂತು ಆಜ್ಞೆ ಕೊಟ್ಟ ಮಿಕಾಸಾ ಹಡಗು ಇಂಗ್ಲೆಂಡಿನ ಬ್ಯಾರೊ ಪಟ್ಟಣದ ವಿಕರ್ಸ್ ಕಂಪನಿಯಲ್ಲಿ ತಯಾರಾದದ್ದು. ರಷ್ಯಾದೊಡನೆ ಯುದ್ಧ ಶುರುವಾದಾಗ ಜಪಾನಿನ ಬಳಿ ಇದ್ದ ಆರು ಹೊಸ ಯುದ್ಧನೌಕೆಗಳೂ ಬ್ರಿಟನ್ನಿನಲ್ಲೇ ಕಟ್ಟಿದವು. ಯುದ್ಧದ ಮೊದಲ ಒಂದು ಕೋಟಿ ಪೌಂಡ್ ವಿದೇಶಿ ಸಾಲದಲ್ಲಿ ಅರ್ಧ ಹುಟ್ಟಿದ್ದು ಲಂಡನ್ನಿನ ಪೇಟೆಯಲ್ಲಿ.

ತ್ಸುಶಿಮಾದ ಸುದ್ದಿ ಕೇಳಿ ಹಿಂದೂಸ್ಥಾನದ ರಾಷ್ಟ್ರವಾದಿಗಳು ಹಿರಿಹಿರಿ ಹಿಗ್ಗಿದ್ದನ್ನು ನಾವೆಲ್ಲ ಓದಿದ್ದೇವೆ: ಏಷ್ಯಾದ ದೇಶವೊಂದು ಯುರೋಪಿನ ದೊಡ್ಡ ಶಕ್ತಿಯನ್ನು ಸೋಲಿಸಿತು! ಆ ಹಿಗ್ಗು ಇಳಿಯುವ ಮೊದಲೇ ನಡೆದ ಇನ್ನೊಂದು ಸಂಗತಿ ಮಾತ್ರ ನಮ್ಮ ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಮೂರು ತಿಂಗಳೂ ತುಂಬದೆ, 1905ರ ಆಗಸ್ಟ್ 12ರಂದು, ಅದೇ ಲ್ಯಾನ್ಸ್‌ಡೌನ್ ಮತ್ತು ಅದೇ ಹಯಾಶಿ ಒಪ್ಪಂದವನ್ನು ಹೊಸದಾಗಿ ಬರೆದರು. ಅದರ ಮೂರನೆಯ ಕಲಮಿನಲ್ಲಿ ಕೊರಿಯಾದ ಮೇಲೆ ಜಪಾನಿನ ಹಿಡಿತವನ್ನು ಬ್ರಿಟನ್ ಒಪ್ಪಿತು. ನಾಲ್ಕನೆಯ ಕಲಮಿನಲ್ಲಿ ತನ್ನ ಭಾರತೀಯ ಸ್ವತ್ತನ್ನು ಕಾಪಾಡಿಕೊಳ್ಳಲು ಗಡಿಯ ಆಸುಪಾಸಿನಲ್ಲಿ ಏನು ಬೇಕಾದರೂ ಮಾಡಲು ಬ್ರಿಟನ್ನಿಗೆ ಹಕ್ಕಿದೆಯೆಂದು ಜಪಾನ್ ಒಪ್ಪಿತು. ಕೊರಿಯಾ ನಿನಗೆ, ಭಾರತ ನನಗೆ. ಕೊರಿಯಾದವರನ್ನಾಗಲಿ ನಮ್ಮನ್ನಾಗಲಿ ಯಾರೂ ಕೇಳಲಿಲ್ಲ. ಲ್ಯಾನ್ಸ್‌ಡೌನ್ ಈ ಹಿಂದೆ ನಮ್ಮ ವೈಸ್‌ರಾಯ್ ಆಗಿದ್ದವರು. ಗಡಿಯ ಚಿಂತೆ ಅವರಿಗೆ ಹೊಸದಲ್ಲ. ವಾಯವ್ಯ ಗಡಿಗೆ ಜಪಾನೀ ಸೈನ್ಯವನ್ನು ಕರೆಸಬಹುದೇ ಎಂಬ ಚರ್ಚೆಯೂ ಲಂಡನ್ನಿನಲ್ಲಿ ನಡೆದಿತ್ತು.

ಆ ಮೈತ್ರಿ ಬರೀ ಕಾಗದದ ಮೇಲೆ ಉಳಿಯಲಿಲ್ಲವೆಂಬುದಕ್ಕೆ ಸಾಕ್ಷಿ ಸಿಂಗಪುರದಲ್ಲೇ ಇದೆ. 1915ರ ಫೆಬ್ರವರಿ 15ರಂದು, ಚೀನೀ ಹೊಸವರ್ಷದ ರಜೆಯ ಮಧ್ಯಾಹ್ನ, ಅಲ್ಲಿದ್ದ ಐದನೆಯ ಲೈಟ್ ಇನ್‌ಫೆಂಟ್ರಿಯ ಭಾರತೀಯ ಸಿಪಾಯಿಗಳು ಬಂಡೆದ್ದರು. ತಮ್ಮನ್ನು ಹಾಂಗ್‌ಕಾಂಗಿಗೆ ಎಂದು ಹೇಳಿ ತಮ್ಮಂತೆಯೇ ಮುಸ್ಲಿಮರಾದ ತುರ್ಕರ ವಿರುದ್ಧ ಕಾದಲು ಒಯ್ಯುತ್ತಾರೆಂಬ ವದಂತಿ ಅವರಲ್ಲಿ ಹಬ್ಬಿತ್ತು. ಊರಿನಲ್ಲಿ ಬ್ರಿಟಿಷ್ ಪಡೆ ತೀರ ಕಡಿಮೆಯಿದ್ದುದರಿಂದ ಮಿತ್ರರಿಗೆ ತಂತಿ ಹೋಯಿತು. ಜಪಾನಿನ ಒತೋವಾ ಮತ್ತು ತ್ಸುಶಿಮಾ ಎಂಬ ಕ್ರೂಸರ್‌ಗಳಿಂದ ನಾವಿಕರು ಇಳಿದರು. ಊರಿನಲ್ಲಿದ್ದ ಜಪಾನೀ ನಿವಾಸಿಗಳೂ ಬಂದೂಕು ಹಿಡಿದು ಕಾವಲಿಗೆ ಬಂದರು. ದಂಗೆ ಅಡಗಿತು. ಔಟ್ರಮ್ ಸೆರೆಮನೆಯ ಗೋಡೆಯ ಮುಂದೆ, ಜನ ನೋಡುತ್ತಿರುವಾಗಲೇ, 47 ಸಿಪಾಯಿಗಳನ್ನು ಗುಂಡಿಟ್ಟು ಕೊಂದರು. ಅದೇ ವರ್ಷ ಜಪಾನಿಗೆ ತಪ್ಪಿಸಿಕೊಂಡು ಹೋದ ಭಾರತೀಯ ಕ್ರಾಂತಿಕಾರಿ ರಾಸ್‌ಬಿಹಾರಿ ಬೋಸರನ್ನು ಬ್ರಿಟಿಷರ ಒತ್ತಡಕ್ಕೆ ಮಣಿದು ದೇಶದಿಂದ ಹೊರಹಾಕಲು ಟೋಕಿಯೊ ಸರ್ಕಾರ ಆದೇಶವನ್ನೇ ಹೊರಡಿಸಿತು. ಟೋಕಿಯೊದ ಶಿಂಜುಕುವಿನ ನಕಮುರಾಯ ಎಂಬ ಬೇಕರಿಯವರು ಅವರನ್ನು ಬಚ್ಚಿಡದಿದ್ದರೆ ಅವರ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸರ್ಕಾರ ಬೇರೆ, ಜನ ಬೇರೆ ಎಂದು ಹೇಳುವುದಕ್ಕೆ ನನಗೆ ಸಿಗುವ ಒಳ್ಳೆಯ ಉದಾಹರಣೆ ಇದು.

ಮೈತ್ರಿ ಮುರಿದದ್ದೂ ಲೆಕ್ಕಾಚಾರದಿಂದಲೇ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ರಷ್ಯಾದ ಭಯವೂ ಹೋಯಿತು, ಜರ್ಮನಿಯ ನೌಕಾಬಲವೂ ಹೋಯಿತು. ಪೆಸಿಫಿಕ್ಕಿನಲ್ಲಿ ಉಳಿದವರು ಅಮೆರಿಕ ಮತ್ತು ಜಪಾನ್ ಇಬ್ಬರೇ. 1919ರಲ್ಲಿ ರಾಷ್ಟ್ರಸಂಘದ ಕರಾರಿನಲ್ಲಿ ಜನಾಂಗ ಸಮಾನತೆಯ ಮಾತೊಂದನ್ನು ಸೇರಿಸಿರೆಂದು ಜಪಾನ್ ಕೇಳಿದಾಗ, ಸಮಿತಿಯ 17 ಮತಗಳಲ್ಲಿ 11 ಅದರ ಪರವಾಗಿ ಬಂದರೂ, ಅದು ಬೇಡವೆಂಬ ಆಸ್ಟ್ರೇಲಿಯಾದ ಹಟಕ್ಕೆ ಬ್ರಿಟನ್ ಬೆಂಬಲವಾಗಿ ನಿಂತಿತು. ಒಮ್ಮತವಿಲ್ಲವೆಂದು ಸಭೆ ನಡೆಸುತ್ತಿದ್ದ ಅಮೆರಿಕದ ಅಧ್ಯಕ್ಷ ವಿಲ್ಸನ್ ಅದನ್ನು ತಳ್ಳಿಹಾಕಿದರು. ವಿಚಿತ್ರವೆಂದರೆ, ಎರಡು ವರ್ಷದ ನಂತರ ಮೈತ್ರಿ ಮುಂದುವರಿಯಲಿ ಎಂದು ವಾದಿಸಿದವರೂ ಅದೇ ಆಸ್ಟ್ರೇಲಿಯಾದವರೇ. ಬೇಡವೆಂದು ಪಟ್ಟುಹಿಡಿದದ್ದು ಅಮೆರಿಕದ ನೆರೆಯ ಕೆನಡಾ. ಲಂಡನ್ ಕೊನೆಗೆ ಅಮೆರಿಕದ ಕಡೆ ವಾಲಿತು. ಅದೇ 1921ರಲ್ಲಿ ಬ್ರಿಟಿಷ್ ಸಚಿವ ಸಂಪುಟ ಸಿಂಗಪುರದಲ್ಲಿ ನೌಕಾನೆಲೆ ಕಟ್ಟಲು ತೀರ್ಮಾನಿಸಿತು, ಅದೇ ವರ್ಷ ಬ್ರಿಟಿಷ್ ತರಬೇತುದಾರರ ತಂಡವೊಂದು ಜಪಾನಿಗೆ ಹೋಗಿ ಅಲ್ಲಿನ ನೌಕಾಪಡೆಗೆ ವಿಮಾನ ಹಾರಿಸುವುದನ್ನೂ ಕಲಿಸಿತು. 1941ರ ಡಿಸೆಂಬರ್ 10ರಂದು ಮಲಯದ ಕರಾವಳಿಯಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಪಲ್ಸ್ ಎಂಬ ಬ್ರಿಟಿಷ್ ಯುದ್ಧನೌಕೆಗಳನ್ನು ಮುಳುಗಿಸಿದ್ದು ಆ ನೌಕಾಪಡೆಯ ವಿಮಾನಗಳೇ.

ನಡುವೆ ಜವಳಿಯ ಜಗಳವೂ ಇತ್ತು. ಇಲ್ಲಿನ ಗಿರಣಿಗಳನ್ನೂ ಇಂಗ್ಲೆಂಡಿನ ಲ್ಯಾಂಕಾಶೈರಿನ ಗಿರಣಿಗಳನ್ನೂ ಉಳಿಸುವುದಕ್ಕಾಗಿ ಭಾರತಕ್ಕೆ ಬರುವ ಜಪಾನೀ ಹತ್ತಿಬಟ್ಟೆಯ ಮೇಲೆ 1933ರಲ್ಲಿ ಶೇಕಡಾ 75ರಷ್ಟು ಸುಂಕ ಹೇರಿದರು. ಅದಕ್ಕೆ ಉತ್ತರವಾಗಿ ಜಪಾನಿನ ಗಿರಣಿಗಳು ನಮ್ಮ ಹತ್ತಿಯನ್ನು ಕೊಳ್ಳುವುದನ್ನೇ ನಿಲ್ಲಿಸಿದವು. ಅವರಿಬ್ಬರ ಜಗಳದಲ್ಲಿ ಇಲ್ಲಿನ ಹತ್ತಿ ಬೆಳೆಗಾರನಿಗೆ ಬೆಲೆಯಿಲ್ಲದಂತಾಯಿತು.

ಇನ್ನು ನಿಮ್ಮ ಅಜ್ಜನವರ ಮಾತಿಗೆ ಬರುತ್ತೇನೆ. ಸಿಂಗಪುರ ಶರಣಾದದ್ದು 1942ರ ಫೆಬ್ರವರಿ 15ರಂದು. ಸಿಪಾಯಿಗಳ ದಂಗೆಗೆ ಅಂದಿಗೆ ಸರಿಯಾಗಿ ಇಪ್ಪತ್ತೇಳು ವರ್ಷ. ಎರಡು ದಿನದ ನಂತರ ಫಾರರ್ ಪಾರ್ಕ್ ಮೈದಾನದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರನ್ನು ಬ್ರಿಟಿಷ್ ಅಧಿಕಾರಿಯೊಬ್ಬರು ಜಪಾನಿನ ಮೇಜರ್ ಫುಜಿವಾರಾ ಅವರಿಗೆ ಒಪ್ಪಿಸಿದರು. ಭಾರತದ ಸ್ವಾತಂತ್ರ್ಯಕ್ಕೆ ಜಪಾನ್ ನೆರವಾಗುತ್ತದೆಂದು ಫುಜಿವಾರಾ ಅಲ್ಲಿ ಮಾಡಿದ ಭಾಷಣವನ್ನು ನಂಬಿದವರು ಅನೇಕರು. ಅವರನ್ನು ಹೀಗಳೆಯುವ ಅಧಿಕಾರ ನನಗಿಲ್ಲ, ಫುಜಿವಾರಾ ಅವರ ಪ್ರಾಮಾಣಿಕತೆಯನ್ನೂ ನಾನು ಸಂಶಯಿಸುವುದಿಲ್ಲ. ಆದರೆ ಅದೇ ಸೈನ್ಯ ಥಾಯ್ಲೆಂಡಿನಿಂದ ಬರ್ಮಾಕ್ಕೆ 415 ಕಿಲೋಮೀಟರ್ ರೈಲುದಾರಿ ಹಾಕಿಸಿದಾಗ ಸತ್ತ ಯುದ್ಧಕೈದಿಗಳು ಹನ್ನೆರಡು ಸಾವಿರಕ್ಕೂ ಹೆಚ್ಚು. ಮಲಯದ ರಬ್ಬರ್ ತೋಟಗಳಿಂದ ಎಳೆದೊಯ್ದ ತಮಿಳರೂ ಸೇರಿದಂತೆ ಸತ್ತ ಏಷ್ಯಾದ ಕೂಲಿಗಳು ಅದರ ಹಲವು ಪಟ್ಟು. ಆಜಾದ್ ಹಿಂದ್ ಫೌಜನ್ನು ಸೇರಲೊಪ್ಪದ ಭಾರತೀಯ ಕೈದಿಗಳಲ್ಲಿ ಎಷ್ಟೋ ಜನರನ್ನು ನ್ಯೂಗಿನಿಯ ಕಾಡುಗಳಿಗೆ ದುಡಿಮೆಗೆ ಅಟ್ಟಿದರು. ಅಜ್ಜನವರ ಅಪನಂಬಿಕೆಗೆ 1905ರ ನಾಲ್ಕನೆಯ ಕಲಮು ಗೊತ್ತಿರಬೇಕಾಗಿರಲಿಲ್ಲ. ಅವರು ಆ ಮೈದಾನದಲ್ಲಿ ನಿಂತು ಬಂದವರು.

ಪತ್ರದ ಜೊತೆ ನೀವು ಕಳುಹಿಸಿದ ಅವರ ಸಮವಸ್ತ್ರದ ಭಾವಚಿತ್ರವನ್ನು ಸ್ಕ್ಯಾನ್ ಮಾಡಿಕೊಂಡು, ಮೂಲಪ್ರತಿಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇವೆ.

— ಸಂಪಾದಕ