ಆಟೋಮೇಷನ್ ಇಂಟರ್ನ್‌ಶಿಪ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮುಂದಿನ ತಿಂಗಳಿಂದ ತಾರಿಹಾಳದ ಪ್ಯಾನೆಲ್ ತಯಾರಿಸುವ ಘಟಕವೊಂದರಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಇದೆ. ದುಡ್ಡು ಕೊಟ್ಟು ಪಿಎಲ್‌ಸಿ (ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್) ಕೋರ್ಸ್ ಮಾಡಿಕೊಂಡೇ ಹೋಗಬೇಕೆ?
— ಎಲೆಕ್ಟ್ರಿಕಲ್ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬೇಡ. ಕಾಲೇಜಿನ ಲ್ಯಾಬಿನಲ್ಲಿ ಕಲಿತ ಟೈಮರ್, ಕೌಂಟರ್, ಹೋಲ್ಡಿಂಗ್ ಸರ್ಕ್ಯೂಟ್ ಚೆನ್ನಾಗಿ ಬಂದರೆ ಲ್ಯಾಡರ್‌ಗೆ (ಪಿಎಲ್‌ಸಿ ಪ್ರೋಗ್ರಾಂ ಬರೆಯುವ ಚಿತ್ರರೂಪದ ಭಾಷೆಗೆ) ಅಷ್ಟು ಸಾಕು. ಆ ಸಮಯವನ್ನು ವೈರಿಂಗ್ ಡ್ರಾಯಿಂಗ್ ಓದುವುದಕ್ಕೂ ಮಲ್ಟಿಮೀಟರ್ ಹಿಡಿಯುವುದಕ್ಕೂ ಕೊಡಿ. ಶುರುವಿನಲ್ಲಿ ಕೈಗೆ ಬರುವುದು ವೈರಿಂಗ್ ಕೆಲಸವೇ. ವೈರಿಗೆ ಮೊದಲು ನಂಬರಿನ ಫೆರೂಲ್ (ಪ್ಲಾಸ್ಟಿಕ್ ಉಂಗುರ) ತೂರಿಸಿ, ಆಮೇಲೆ ತುದಿಗೆ ಪಿನ್ ಲಗ್ (ಲೋಹದ ಪಿನ್) ಒತ್ತಿ. ಹಿಂದುಮುಂದಾದರೆ ಲಗ್ ಕತ್ತರಿಸಿ ಮತ್ತೆ ಮಾಡಬೇಕು, ಅಷ್ಟರಲ್ಲಿ ವೈರ್ ಟರ್ಮಿನಲ್‌ಗೆ ಎಟುಕದಷ್ಟು ಗಿಡ್ಡವಾಗಿರುತ್ತದೆ. ಒತ್ತಿದ ಮೇಲೆ ಪ್ರತಿ ಲಗ್ ಎಳೆದು ನೋಡಿ.

ಒಂದು ಎಚ್ಚರಿಕೆ: 415 ವೋಲ್ಟ್ ಡ್ರೈವ್‌ನ (ಮೋಟರಿನ ವೇಗ ನಿಯಂತ್ರಿಸುವ ಸಾಧನದ) ಒಳಗೆ ಸುಮಾರು 580 ವೋಲ್ಟ್ ಡಿಸಿ ಇರುತ್ತದೆ. ಮೇನ್ ಆಫ್ ಮಾಡಿದ ಕೂಡಲೇ ಅದು ಇಳಿಯುವುದಿಲ್ಲ. ಡ್ರೈವ್ ಮೇಲೆ ಬರೆದಷ್ಟು ನಿಮಿಷ ಕಾಯಿರಿ, ಮೀಟರ್ ಇಟ್ಟು ಖಾತ್ರಿ ಮಾಡಿಕೊಳ್ಳಿ, ಆಮೇಲೆ ಕೈ ಹಾಕಿ. ಯಾರು ಎಷ್ಟೇ ಅವಸರ ಮಾಡಿದರೂ ಇದನ್ನು ಬಿಡಬೇಡಿ.

ಪ್ರಶ್ನೆ: ಗೋಕುಲ ರೋಡಿನ ಒಂದು ವಾಲ್ವ್ ಕಾರ್ಖಾನೆಯಲ್ಲಿ ಇಂಟರ್ನ್ ಆಗಿದ್ದೇನೆ. ಟೆಸ್ಟ್ ಬೆಂಚಿನ ಪ್ರಾಕ್ಸಿಮಿಟಿ ಸೆನ್ಸರ್ (ಲೋಹ ಹತ್ತಿರ ಬಂದರೆ ಗುರುತಿಸುವಂಥದ್ದು) ಕೆಟ್ಟಿತ್ತೆಂದು ಸ್ಟೋರಿನಿಂದ ಬೇರೆ ತಂದು ಹಾಕಿದೆವು. ಸೆನ್ಸರ್‌ನ ದೀಪ ಹತ್ತುತ್ತದೆ, ಪಿಎಲ್‌ಸಿ ಇನ್‌ಪುಟ್‌ನ ದೀಪ ಹತ್ತುವುದಿಲ್ಲ. ಇನ್ನೊಂದು ಸೆನ್ಸರ್ ಹಾಕಿದರೂ ಹಾಗೇ. ಪಿಎಲ್‌ಸಿ ಇನ್‌ಪುಟ್ ಸುಟ್ಟಿದೆಯೇ?
— ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಸುಟ್ಟಿರುವ ಸಾಧ್ಯತೆ ಕಡಿಮೆ. ನಿಮ್ಮ ಸ್ಟೋರಿನಿಂದ ಬಂದದ್ದು ಬಹುಶಃ ಎನ್‌ಪಿಎನ್ ಸೆನ್ಸರ್, ಬೆಂಚಿಗೆ ಬೇಕಾದದ್ದು ಪಿಎನ್‌ಪಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ, ವ್ಯತ್ಯಾಸ ಗೊತ್ತಾಗುವುದು ಮೈಮೇಲಿನ ಸಣ್ಣ ಅಕ್ಷರದಿಂದ ಮಾತ್ರ.

ಮೂರು ವೈರುಗಳಲ್ಲಿ ಕಂದು 24 ವೋಲ್ಟ್, ನೀಲಿ 0 ವೋಲ್ಟ್, ಕಪ್ಪು ಸಿಗ್ನಲ್. ಲೋಹ ಎದುರು ಬಂದಾಗ ಪಿಎನ್‌ಪಿ ಸೆನ್ಸರ್ ಕಪ್ಪು ವೈರಿಗೆ 24 ವೋಲ್ಟ್ ಕೊಡುತ್ತದೆ. ಎನ್‌ಪಿಎನ್ ಅದೇ ವೈರನ್ನು 0 ವೋಲ್ಟ್‌ಗೆ ಎಳೆಯುತ್ತದೆ. ನಿಮ್ಮ ಇನ್‌ಪುಟ್ ಕಾಮನ್ (ಇನ್‌ಪುಟ್‌ಗಳ ಇನ್ನೊಂದು ತುದಿ ಒಟ್ಟಿಗೆ ಸೇರುವ ಟರ್ಮಿನಲ್) ಆಗಲೇ 0 ವೋಲ್ಟ್‌ಗೆ ಕಟ್ಟಿದ್ದರೆ ಎರಡೂ ತುದಿ ಸೊನ್ನೆಯಲ್ಲೇ ಉಳಿಯುತ್ತವೆ, ಕರೆಂಟ್ ಹರಿಯುವುದೇ ಇಲ್ಲ. ಸೆನ್ಸರ್ ತನ್ನ ಕೆಲಸ ಸರಿಯಾಗಿ ಮಾಡಿದೆ, ಹಾಗಾಗಿ ಅದರ ದೀಪ ಹತ್ತುತ್ತದೆ.

ಖಾತ್ರಿ ಮಾಡಿಕೊಳ್ಳುವುದು ಹೀಗೆ. ಸೆನ್ಸರ್ ಮುಂದೆ ಒಂದು ಸ್ಪ್ಯಾನರ್ ಹಿಡಿದು ದೀಪ ಹತ್ತಿಸಿ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಕಪ್ಪು–ನೀಲಿ ನಡುವೆ ನೋಡಿ: 24ರ ಆಸುಪಾಸು ಬಂದರೆ ಪಿಎನ್‌ಪಿ. ಅಲ್ಲಿ ಸೊನ್ನೆ ಬಂದು, ಕಂದು–ಕಪ್ಪು ನಡುವೆ 24 ಬಂದರೆ ಎನ್‌ಪಿಎನ್. ಇನ್‌ಪುಟ್ ಕಾಮನ್ ಅನ್ನು 24ಕ್ಕೆ ತಿರುಗಿಸಿದರಾಯಿತು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದೇ ಕಾಮನ್‌ಗೆ ಸೇರಿದ ಉಳಿದ ಸೆನ್ಸರ್, ಬಟನ್ ಎಲ್ಲ ಒಟ್ಟಿಗೇ ನಿಲ್ಲುತ್ತವೆ. ಸರಿಯಾದ ಸೆನ್ಸರ್ ತರಿಸುವುದೇ ದಾರಿ.

ಪಿಎನ್‌ಪಿಯೇ ಆಗಿದ್ದು ಇನ್‌ಪುಟ್ ಬರದಿದ್ದರೆ, ಸೆನ್ಸರ್‌ಗೂ ಪಿಎಲ್‌ಸಿಗೂ ಬೇರೆ ಬೇರೆ ಪವರ್ ಸಪ್ಲೈ ಇದೆಯೇ ನೋಡಿ. ಎರಡರ 0 ವೋಲ್ಟ್ ಸೇರಿಸದಿದ್ದರೆ ಸಿಗ್ನಲ್‌ಗೆ ವಾಪಸ್ ದಾರಿಯೇ ಇರುವುದಿಲ್ಲ. ವಾಲ್ವ್ ಕಾರ್ಖಾನೆ ಆದ್ದರಿಂದ ಇದನ್ನೂ ಹೇಳಬೇಕು: 5 ಮಿ.ಮೀ. ಎಂದು ಬರೆದಿರುವ ಅಂತರ ಉಕ್ಕಿಗೆ. ಹಿತ್ತಾಳೆಗೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸ್ಪ್ಯಾನರ್‌ಗೆ ಹತ್ತಿದ ದೀಪ ಹಿತ್ತಾಳೆ ಬಾಡಿಗೆ ಹತ್ತದಿದ್ದರೆ ಸೆನ್ಸರನ್ನು ಹತ್ತಿರ ತನ್ನಿ.

ಪ್ರಶ್ನೆ: ಜಿನ್ನಿಂಗ್ ಮಿಲ್ಲಿನ ಕನ್ವೇಯರ್ ಪ್ಯಾನೆಲ್‌ನಲ್ಲಿ ಸ್ಟಾಪ್ ಬಟನ್ ಎನ್‌ಸಿ (ಒತ್ತದಿರುವಾಗ ಮುಚ್ಚಿರುವಂಥದ್ದು), ಪ್ರೋಗ್ರಾಂನಲ್ಲಿ ಮಾತ್ರ ಎನ್‌ಒ (ಸಾಮಾನ್ಯವಾಗಿ ತೆರೆದಿರುವ) ಕಾಂಟ್ಯಾಕ್ಟ್ ಇದೆ. ತಪ್ಪಲ್ಲವೇ?
— ವಿದ್ಯಾರ್ಥಿ, ಗದಗ

ಉತ್ತರ: ತಪ್ಪಲ್ಲ, ತಿದ್ದಲು ಹೋಗಬೇಡಿ. ಬಟನ್ ಒತ್ತದಿರುವಾಗ ಇನ್‌ಪುಟ್‌ಗೆ 24 ವೋಲ್ಟ್ ಬರುತ್ತಿರುತ್ತದೆ, ಆದ್ದರಿಂದ ಪ್ರೋಗ್ರಾಂನಲ್ಲಿ ಎನ್‌ಒ ಹಾಕಿದರೆ ಅದು ಮುಚ್ಚಿಯೇ ಇರುತ್ತದೆ. ಒತ್ತಿದರೂ ನಿಲ್ಲುತ್ತದೆ, ಇಲಿ ವೈರ್ ಕಡಿದರೂ ನಿಲ್ಲುತ್ತದೆ. ಬಟನ್ ಎನ್‌ಒ ಇದ್ದಿದ್ದರೆ, ವೈರ್ ತುಂಡಾಗಿದ್ದು ಬಟನ್ ಒತ್ತಿದರೂ ಕನ್ವೇಯರ್ ಓಡುತ್ತಲೇ ಇರುವ ದಿನ ಮಾತ್ರ ಗೊತ್ತಾಗುತ್ತಿತ್ತು. ಎಮರ್ಜೆನ್ಸಿ ಸ್ಟಾಪ್ ಬೇರೆ ಮಾತು. ಅದು ಪ್ರೋಗ್ರಾಂ ಒಂದನ್ನೇ ನಂಬಿಕೊಂಡಿರಬಾರದು. ಸೇಫ್ಟಿ ರಿಲೇ ಮೂಲಕ ಕಾಂಟ್ಯಾಕ್ಟರ್‌ನ (ಮೋಟರಿಗೆ ಕರೆಂಟ್ ಬಿಡುವ ಸ್ವಿಚ್ಚಿನ) ಸಪ್ಲೈಯನ್ನೇ ಕಡಿಯಬೇಕು. ನಿಮ್ಮ ಪ್ಯಾನೆಲ್‌ನಲ್ಲಿ ಹಾಗಿದೆಯೇ ಎಂದು ಡ್ರಾಯಿಂಗ್‌ನಲ್ಲಿ ನೋಡಿ, ಇಲ್ಲದಿದ್ದರೆ ಸೂಪರ್‌ವೈಸರ್‌ಗೆ ಬರೆದು ಕೊಡಿ.

ಪ್ರಶ್ನೆ: ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನಲ್ಲಿ ಥರ್ಮಾಮೀಟರ್ 5 ಡಿಗ್ರಿ ತೋರಿಸಿದರೆ ಕಂಟ್ರೋಲರ್ 8ರ ಹತ್ತಿರ ತೋರಿಸುತ್ತದೆ. ಪಿಟಿ100 ಸೆನ್ಸರ್ (ಉಷ್ಣತೆ ಅಳೆಯುವಂಥದ್ದು) ಬದಲಿಸಿದರೂ ಅಷ್ಟೇ.
— ಇಂಟರ್ನ್, ಬ್ಯಾಡಗಿ

ಉತ್ತರ: ತಪ್ಪು ಕೇಬಲ್‌ನಲ್ಲಿರಬೇಕು. ಪಿಟಿ100 ಸೊನ್ನೆ ಡಿಗ್ರಿಯಲ್ಲಿ 100 ಓಮ್, ಪ್ರತಿ ಡಿಗ್ರಿಗೆ ಸುಮಾರು 0.39 ಓಮ್ ಏರುತ್ತದೆ. 1 ಚದರ ಮಿ.ಮೀ. ತಾಮ್ರದ ಕೇಬಲ್ 30 ಮೀಟರ್ ಎಳೆದಿದ್ದರೆ ಹೋಗಿ ಬರುವ 60 ಮೀಟರ್‌ಗೆ ಸುಮಾರು 1.1 ಓಮ್. ಕಂಟ್ರೋಲರ್ ಅದನ್ನೂ ಶಾಖವೆಂದೇ ಲೆಕ್ಕ ಹಾಕಿ 2.8 ಡಿಗ್ರಿ ಹೆಚ್ಚು ತೋರಿಸುತ್ತದೆ. ಕೋಣೆ ಸಾಕಷ್ಟು ತಣ್ಣಗಾದ ಮೇಲೂ ಕಂಪ್ರೆಸರ್ ಓಡುತ್ತಲೇ ಇರುತ್ತದೆ, ಬಿಲ್ಲೂ ಏರುತ್ತದೆ.

ಕಂಟ್ರೋಲರ್‌ನ ಮೂರು ಆರ್‌ಟಿಡಿ (ಪಿಟಿ100 ಬಗೆಯ ಸೆನ್ಸರ್) ಟರ್ಮಿನಲ್‌ಗಳನ್ನು ನೋಡಿ. ಸೆನ್ಸರ್‌ನಿಂದ ಎರಡೇ ವೈರ್ ಬಂದು, ಮೂರನೆಯದಕ್ಕೆ ಅಲ್ಲೇ ಲಿಂಕ್ (ತುಂಡು ವೈರ್) ಹಾಕಿರಬಹುದು. ಆ ಲಿಂಕ್ ತೆಗೆದು, ಅದೇ ಗೇಜಿನ ಮೂರನೇ ವೈರನ್ನು ಸೆನ್ಸರ್ ತಲೆಯವರೆಗೂ ಎಳೆಯಿರಿ. ಅಲ್ಲಿ ಎರಡು ವೈರ್ ಒಂದೇ ಬಣ್ಣದವು, ಸಾಮಾನ್ಯವಾಗಿ ಕೆಂಪು. ಲಿಂಕ್ ಇದ್ದ ಎರಡು ಟರ್ಮಿನಲ್‌ಗಳ ವೈರ್ ಒಂದೊಂದು ಕೆಂಪಿಗೆ ಸೇರಬೇಕು. ಆಗ ಕಂಟ್ರೋಲರ್ ವೈರಿನ ಓಮ್ ಅಳೆದು ತಾನೇ ಕಳೆಯುತ್ತದೆ.

ಕಂಟ್ರೋಲರ್‌ನಲ್ಲಿ –2.8 ಆಫ್‌ಸೆಟ್ ಹಾಕಿ ಬಿಡುವವರಿದ್ದಾರೆ. ಸದ್ಯಕ್ಕೆ ಅಂಕಿ ಸರಿಹೋಗುತ್ತದೆ. ಆದರೆ ತೇವದ ಕೋಣೆಯಲ್ಲಿ ಜಂಕ್ಷನ್ ಬಾಕ್ಸಿನ ಟರ್ಮಿನಲ್ ಕಿಲುಬು ಹಿಡಿದು ಅರ್ಧ ಓಮ್ ಹೆಚ್ಚಾದರೂ ಮತ್ತೆ 1.3 ಡಿಗ್ರಿ ತಪ್ಪುತ್ತದೆ. ಹೊಸ ವೈರ್ ಎಳೆಯಲು ಜಾಗವೇ ಇಲ್ಲದಿದ್ದರೆ ಸೆನ್ಸರ್ ತಲೆಯೊಳಗೇ ಕೂರುವ 4–20 ಮಿಲಿಆಂಪ್ ಟ್ರಾನ್ಸ್‌ಮಿಟರ್ (ಉಷ್ಣತೆಯನ್ನು ಕರೆಂಟ್ ಸಿಗ್ನಲ್ ಆಗಿ ಕಳಿಸುವ ಸಾಧನ) ಹಾಕಿಸಿ. ಈಗಿರುವ ಎರಡು ವೈರೇ ಸಾಕು, ಆದರೆ ಕಂಟ್ರೋಲರ್ ಆ ಸಿಗ್ನಲ್ ತೆಗೆದುಕೊಳ್ಳುತ್ತದೆಯೇ ಎಂದು ಮೊದಲು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ.