ವಾದ್ಯ ವಿಚಾರ: ಯಾವ ತಂತಿ ಎಲ್ಲಿಗೆ?

ಪ್ರಶ್ನೆ: ಮಾಸ್ತರರೇ, ಮುಂಬೈಯ ಚಿಕ್ಕಪ್ಪ ತಮ್ಮ ಹಳೆಯ ಯುಕುಲೆಲೆ (ಗಿಟಾರ್‌ನಂಥ, ನಾಲ್ಕು ತಂತಿಯ ಪುಟ್ಟ ವಾದ್ಯ) ನನಗೆ ಕೊಟ್ಟಿದ್ದಾರೆ. ಒಂದು ತಂತಿ ಕಡಿದಿದೆ, ಉಳಿದವು ಸವೆದಿವೆ. ಪೆಟ್ಟಿಗೆಯಲ್ಲಿ ಹೆಸರಿಲ್ಲದ ಪೊಟ್ಟಣವೊಂದರಲ್ಲಿ ನಾಲ್ಕು ಹೊಸ ತಂತಿಗಳಿವೆ. ಯಾವುದು ಎಲ್ಲಿಗೆ ಅಂತ ಗೊತ್ತಾಗುತ್ತಿಲ್ಲ. ಅಂಗಡಿಯಲ್ಲಿ ಕೇಳಿದರೆ ಮ್ಯಾಂಡೊಲಿನ್ ತಂತಿ ಹಾಕು ಅಂದರು. ಹಾಕಬಹುದಾ?
– ಪಿಯುಸಿ ವಿದ್ಯಾರ್ಥಿನಿ, ಕೋಡಿಬಾಗ, ಕಾರವಾರ

ಉತ್ತರ: ಬೇಡ ತಂಗಿ, ಖಂಡಿತ ಬೇಡ. ಈ ತಪ್ಪನ್ನು ನಾನೇ ಮಾಡಿದ್ದೇನೆ. ಎಷ್ಟೋ ವರ್ಷದ ಹಿಂದೆ ಹುಡುಗನೊಬ್ಬ ಯುಕುಲೆಲೆ ತಂದ. ಅಳತೆ ನೋಡಿದೆ, ಮ್ಯಾಂಡೊಲಿನ್‌ನಷ್ಟೇ ಉದ್ದ. ಮ್ಯಾಂಡೊಲಿನ್‌ನಲ್ಲೂ 'ಎ' ಸ್ವರದ ತಂತಿ ಇದೆ, ಇದರಲ್ಲೂ ಇದೆ, ಸ್ವರವೂ ಒಂದೇ. ಇನ್ನೇನು ಬೇಕು ಅಂತ ಉಕ್ಕಿನ ತಂತಿ ಬಿಗಿದು ಕೊಟ್ಟೆ. ಮಾರನೇ ದಿನ ಬೆಳಿಗ್ಗೆ ಅವನು ವಾದ್ಯವನ್ನು ಒಂದು ಕೈಯಲ್ಲಿ, ಕುದುರೆಯನ್ನು (ಹಲಗೆಗೆ ಅಂಟಿಸಿದ, ತಂತಿ ಕಟ್ಟುವ ಪಟ್ಟಿ) ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಬಂದ. ಮೇಲಿನ ಹಲಗೆಯ ಸಿಪ್ಪೆಯೂ ಅದರ ಜೊತೆ ಎದ್ದು ಬಂದಿತ್ತು. ಅದೇ ಸ್ವರಕ್ಕೆ ಬರಬೇಕಾದರೆ ಉಕ್ಕಿನ 'ಎ' ತಂತಿ ಸುಮಾರು 8 ಕಿಲೋ ತೂಕದಷ್ಟು ಎಳೆಯುತ್ತದೆ. ಸಣ್ಣ ಯುಕುಲೆಲೆಗೆ ಒಂದು ತಂತಿಯ ಎಳೆತ 3–4 ಕಿಲೋ ಇದ್ದರೆ ಸಾಕು. ಅದರ ತೆಳು ಮರ ಮಾಡಿರುವುದೇ ಅಷ್ಟಕ್ಕೆ.

ಈಗ ನಿನ್ನ ಪೊಟ್ಟಣ. ಅದನ್ನು ಬಿಚ್ಚುವ ಮೊದಲು ವಾದ್ಯವನ್ನೇ ಕೇಳು. ದರ್ಜಿಯ ಟೇಪು ತಗೊಂಡು, ಬಿರಡೆಗಳ ಕೆಳಗಿರುವ ನಟ್‌ನಿಂದ (ತಂತಿ ಕೂರುವ ಗೀರುಗಳಿರುವ ಪಟ್ಟಿ) 12ನೇ ಫ್ರೆಟ್‌ವರೆಗೆ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಅಳೆದು ಎರಡು ಪಟ್ಟು ಮಾಡು. 33–35 ಸೆಂ.ಮೀ. ಬಂದರೆ ಅದು ಸೊಪ್ರಾನೊ, ಈ ನಾಲ್ಕು ಅಳತೆಗಳಲ್ಲಿ ಎಲ್ಲಕ್ಕಿಂತ ಸಣ್ಣದು. 38ರ ಆಸುಪಾಸು ಕಾನ್ಸರ್ಟ್, 43ರ ಆಸುಪಾಸು ಟೆನರ್. 50ರ ಹತ್ತಿರ ಬಂದರೆ ಬ್ಯಾರಿಟೋನ್, ಅದರ ಶ್ರುತಿಯೇ ಬೇರೆ: ಡಿ-ಜಿ-ಬಿ-ಇ. ಉಳಿದ ಮೂರಕ್ಕೂ ಸಾಮಾನ್ಯವಾಗಿ ಜಿ-ಸಿ-ಇ-ಎ. ಅಂಗಡಿಗೆ ಹೋದಾಗ ಕಂಪನಿ ಹೆಸರಿಗಿಂತ ಮೊದಲು ಈ ಅಳತೆ ಹೇಳಬೇಕು.

ವಾದ್ಯ ಎದೆಗಾನಿಸಿ ಹಿಡಿದಾಗ ಮುಖದ ಕಡೆಯ ತಂತಿ ಜಿ, ನೆಲದ ಕಡೆಯದು ಎ. ಗಿಟಾರ್ ನೋಡಿದವರು ಇಲ್ಲೇ ಎಡವುತ್ತಾರೆ. ಮೇಲಿನದೇ ದಪ್ಪ ಅಂದುಕೊಂಡು ಎಲ್ಲಕ್ಕಿಂತ ದಪ್ಪದ್ದನ್ನು ಅಲ್ಲಿಗೆ ಹಾಕಿಬಿಡುತ್ತಾರೆ. ಯುಕುಲೆಲೆಯಲ್ಲಿ ಎಲ್ಲಕ್ಕಿಂತ ದಪ್ಪ ಸಿ, ಅಂದರೆ ಮೇಲಿನಿಂದ ಎರಡನೆಯದು. ಆಮೇಲೆ ಇ. ಜಿ ಮತ್ತು ಎ ಎರಡೂ ತೆಳು, ಜಿ ಒಂದು ಕೂದಲಿನಷ್ಟು ದಪ್ಪ ಇರಬಹುದು. ಸ್ವರದಲ್ಲೂ ಜಿ ಕೆಳಗಿನದಲ್ಲ, ಸಿ ಮತ್ತು ಇ ಎರಡಕ್ಕಿಂತ ಮೇಲಿನದು. ಯುಕುಲೆಲೆಯ ಆ ಕಿಲಕಿಲ ಬರುವುದೇ ಅದರಿಂದ.

ಸಿ ಮತ್ತು ಇ ಬೆರಳಲ್ಲೇ ಗೊತ್ತಾಗುತ್ತವೆ. ಜಿ ಮತ್ತು ಎ ಗೊತ್ತಾಗದಿದ್ದರೆ ಯಾವುದಾದರೂ ಲೇತ್ ವರ್ಕ್‌ಶಾಪಿಗೆ ಹೋಗಿ ವರ್ನಿಯರ್‌ನಲ್ಲಿ ಅಳೆಸು. ಅಲ್ಲಿಯವರು ನಗುತ್ತಾರೆ, ಆದರೂ ಅಳೆದು ಕೊಡುತ್ತಾರೆ.

ನಾಲ್ಕರಲ್ಲಿ ಒಂದಕ್ಕೆ ಲೋಹದ ಎಳೆ ಸುತ್ತಿದ್ದರೆ ಅದು ಹೆಚ್ಚಾಗಿ ಕೆಳಸ್ವರದ ಜಿ, ಅಂದರೆ ಮಾಮೂಲಿ ಜಿ-ಗಿಂತ ಒಂದು ಸಪ್ತಕ ಕೆಳಗಿನದು; ಕೆಲವರು ಅದನ್ನೂ ಕಟ್ಟುತ್ತಾರೆ. ಎರಡಕ್ಕೆ ಸುತ್ತಿದ್ದರೆ ಬ್ಯಾರಿಟೋನ್ ಸೆಟ್ ಇರಬಹುದು. ಕೆಲವು ಟೆನರ್ ಸೆಟ್ಟುಗಳಲ್ಲೂ ಹಾಗೆ ಇರುತ್ತದೆ. ಅಂಥ ಅನಾಮಧೇಯ ಪೊಟ್ಟಣವನ್ನು ನಾನಾದರೆ ಸಣ್ಣ ವಾದ್ಯಕ್ಕೆ ಹಾಕುವುದಿಲ್ಲ. ಬಣ್ಣ ನೋಡಿ ತೀರ್ಮಾನ ಮಾಡಬೇಡ. ಹಾಲುಬಿಳಿ ಇದ್ದರೆ ಇಟಲಿಯ ಅಕ್ವಿಲಾ ಕಂಪನಿಯವರ ನೈಲ್‌ಗಟ್ ಎಂಬ ಕೃತಕ ತಂತಿ ಇರಬಹುದು, ಗಾಜಿನ ಹಾಗಿದ್ದರೆ ಫ್ಲೋರೋಕಾರ್ಬನ್ ಎಂಬ ಪ್ಲಾಸ್ಟಿಕ್ ಅಥವಾ ನೈಲಾನ್. ಕಪ್ಪು ಬಣ್ಣವಂತೂ ಯಾವುದಕ್ಕೆ ಬೇಕಾದರೂ ಹಾಕುತ್ತಾರೆ.

ಹಳೆಯ ತಂತಿಗಳನ್ನು ಒಟ್ಟಿಗೇ ಬಿಚ್ಚಬೇಡ. ಒಂದು ತೆಗೆ, ಒಂದು ಹಾಕು. ಗಂಟು ಹೇಗೆ ಕಟ್ಟಿದ್ದರು ಅಂತ ಉಳಿದವು ನಿನಗೆ ತೋರಿಸುತ್ತಿರುತ್ತವೆ.

ಪ್ರಶ್ನೆ: ಮಳೆಗಾಲ ಶುರುವಾದರೆ ನನ್ನ ಟೆನರ್ ಯುಕುಲೆಲೆಯ ಶ್ರುತಿ ನಿಲ್ಲುವುದಿಲ್ಲ. ತಂತಿ ಬದಲಿಸಬೇಕಾ? ಕೆಳಸ್ವರದ ಜಿ ಹಾಕುವ ಆಸೆಯೂ ಇದೆ, ಇಲ್ಲಿ ಸಿಗುತ್ತಿಲ್ಲ.
– ಓದುಗರು, ಶಿರಸಿ

ಉತ್ತರ: ನಿಮ್ಮಲ್ಲಿ ಮಳೆಗಾಲದಲ್ಲಿ ಹಪ್ಪಳವೇ ಗರಿಗರಿ ಉಳಿಯುವುದಿಲ್ಲ, ನೈಲಾನ್ ಎಲ್ಲಿ ಉಳಿಯಬೇಕು! ನೈಲಾನ್ ತೇವ ಹೀರಿ ಸಡಿಲವಾಗುತ್ತದೆ. ಫ್ಲೋರೋಕಾರ್ಬನ್ ನೀರು ಹೀರುವುದಿಲ್ಲ ಅಂದರೂ ನಡೆಯುತ್ತದೆ, ಹಾಗಾಗಿ ಅದಕ್ಕೆ ಬದಲಿಸಿ ನೋಡಿ. ಮರ ಮಾತ್ರ ಹೀರಿಯೇ ಹೀರುತ್ತದೆ, ಸ್ವಲ್ಪ ಏರುಪೇರು ಇದ್ದದ್ದೇ. ಬೆಚ್ಚಗಿರಲಿ ಅಂತ ಅಡಿಕೆ ಅಟ್ಟದ ಮೇಲೆ ಇಡಬೇಡಿ, ಅಂಟು ಬಿಡುತ್ತದೆ.

ಕೆಳಸ್ವರದ ಜಿ ಸಿಗದಿದ್ದರೆ ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್‌ನ 4ನೇ ತಂತಿ ತನ್ನಿ. ಟೆನರ್ ಅಳತೆಗೆ ಅದು ಸರಿಯಾಗಿ ಕೂರುತ್ತದೆ. ಉಕ್ಕಿನ ಗಿಟಾರ್‌ನದು ತಂದೀರಿ, ಹುಷಾರು. ನಟ್‌ನಲ್ಲಿ ತಂತಿ ಕೂರುವ ಗೀರು ಕಿರಿದಾಯಿತೆಂದರೆ ನವಿರಾಗಿ ಅರ ಹಿಡಿಯಬೇಕು.

ಪ್ರಶ್ನೆ: ಮಾಸ್ತರ್ರೇ, ಮಗನಿಗೆ ಯುಕುಲೆಲೆ ಕೊಡಿಸಿದ್ದೇನೆ. ಅದರ ತಂತಿ ಥೇಟ್ ನಮ್ಮ ಗಾಳದ ದಾರದ ಹಾಗೇ ಇದೆ. ಮನೆಯಲ್ಲಿ ರಾಶಿ ದಾರ ಬಿದ್ದಿದೆ. ಅದನ್ನೇ ಕಟ್ಟಿದರೆ ನಗೆಪಾಟಲಾಗುತ್ತದಾ?
– ಮೀನುಗಾರರು, ಬೈತಖೋಲ

ಉತ್ತರ: ನಗುವವರು ನಗಲಿ, ನಿಮ್ಮ ಕಣ್ಣು ಸರಿಯಾಗೇ ನೋಡಿದೆ. ಯುಕುಲೆಲೆಗೆ ಬಳಸುವ ಫ್ಲೋರೋಕಾರ್ಬನ್ ಮೊದಲು ಗಾಳದ ದಾರವೇ. ನೀರಲ್ಲಿ ಮೀನಿನ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ ಅಂತ ನೀವು ಗಾಳದ ತುದಿಗೆ ಕಟ್ಟುತ್ತೀರಲ್ವಾ, ಅದೇ. ನೈಲಾನ್‌ಗಿಂತ ತೂಕದ ಸರಕು. ಹಾಗಾಗಿ ತೆಳ್ಳಗಿದ್ದರೂ ಅದೇ ಸ್ವರ ಕೊಡುತ್ತದೆ, ನಾದವೂ ಚುರುಕು.

ಆದರೆ ಮನೆಯಲ್ಲಿರುವ ರಾಶಿ ಬಹುಶಃ ಸಾದಾ ನೈಲಾನ್. ಅದು ಎಳೆದಷ್ಟೂ ಹಿಗ್ಗುತ್ತದೆ, ಮಗ ನುಡಿಸುವುದಕ್ಕಿಂತ ಬಿರಡೆ ತಿರುಗಿಸುವುದೇ ಜಾಸ್ತಿಯಾಗುತ್ತದೆ. ಒಂದು ಲೋಟ ನೀರಿನಲ್ಲಿ ಎರಡನ್ನೂ ಇಳಿಬಿಟ್ಟು ನೋಡಿ, ಹೆಚ್ಚು ಮಸುಕಾಗುವುದು ಫ್ಲೋರೋಕಾರ್ಬನ್. ಕೊಳ್ಳುವಾಗ ಎಷ್ಟು ಕಿಲೋ ತಡೆಯುತ್ತದೆ ಅಂತ ನೋಡಬೇಡಿ, ರೀಲಿನ ಮೇಲಿನ ಮಿಲಿಮೀಟರ್ ನೋಡಿ. ಸೊಪ್ರಾನೊ ಆದರೆ ಎ-ಗೆ 0.52, ಜಿ-ಗೆ 0.57, ಇ-ಗೆ 0.66, ಸಿ-ಗೆ 0.81ರ ಆಸುಪಾಸು. ನಾಲ್ಕು ದಪ್ಪಕ್ಕೆ ನಾಲ್ಕು ರೀಲು ಬೇಕು. ಒಂದೇ ವಾದ್ಯಕ್ಕಾದರೆ ಮಡಗಾವಿಗೆ ಹೋದಾಗ ಒಂದು ಸೆಟ್ ತರುವುದೇ ಅಗ್ಗ. ರೀಲು ಹೇಗೂ ನಿಮ್ಮ ಕಸುಬಿಗೆ ಬೇಕು ಅಂತಾದರೆ ಮಾತು ಬೇರೆ.

ಗಂಟಿನ ಬಗ್ಗೆ ನಾನು ನಿಮಗೆ ಹೇಳಬೇಕಾ? ಈ ದಾರ ಜಾರುತ್ತದೆ, ಒಂದು ಸುತ್ತು ಜಾಸ್ತಿ ಹಾಕಿ. ಹೊಸತು ಕಟ್ಟಿದ ಮೇಲೆ ಮೂರು-ನಾಲ್ಕು ದಿನ ಶ್ರುತಿ ಇಳಿಯುತ್ತಲೇ ಇರುತ್ತದೆ. ದಾರ ಸರಿಯಿಲ್ಲ ಅಂತ ಬಿಚ್ಚಬೇಡಿ, ಮತ್ತೆ ಮತ್ತೆ ಏರಿಸುತ್ತಾ ಇರಲಿ ಮಗ.