ಸೈಕಲ್ ಪ್ರಶ್ನೋತ್ತರ: ಕ್ರೂಸರ್ ಕಟ್ಟುವವರು ಮೊದಲು ಚಕ್ರ ತನ್ನಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕ್ರೂಸರ್ ಬಗ್ಗೆಯೇ ಇವೆ. ದಪ್ಪ ಟೈರು, ಅಗಲ ಹ್ಯಾಂಡಲ್, ಬೆನ್ನು ನೇರ ಇಟ್ಟುಕೊಂಡು ಆರಾಮಾಗಿ ತುಳಿಯುವ ಸೈಕಲ್. ಅಂಗಡಿಯಿಂದ ತರುವ ಬದಲು ತಾವೇ ಕಟ್ಟಬೇಕು ಅನ್ನುವವರು ಬೆಂಗಳೂರಿನಲ್ಲಿ ಇಷ್ಟು ಜನ ಇದ್ದಾರೆ ಅನ್ನೋದೇ ಖುಷಿ. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ.

ಸರ್, ನಾನು ಡಿಪ್ಲೊಮಾ ಓದ್ತಿದ್ದೀನಿ. ತಾತನ ಕಾಲದ 28 ಇಂಚಿನ ಸೈಕಲ್ ಮನೆಯಲ್ಲಿದೆ. ಅದನ್ನೇ ಕತ್ತರಿಸಿ ದಪ್ಪ ಟೈರಿನ ಕ್ರೂಸರ್ ಮಾಡೋ ಆಸೆ, ಆದಷ್ಟು ಪಾರ್ಟ್ಸ್ ಕೈಯಲ್ಲೇ ಮಾಡ್ತೀನಿ. ಫ್ರೆಂಡ್ಸ್ ಎಲ್ಲ ಮೊದಲು ಹ್ಯಾಂಡಲ್ ಬೆಂಡ್ ಮಾಡಿಸು ಅಂತಾರೆ. ಎಲ್ಲಿಂದ ಶುರು ಮಾಡ್ಲಿ? – ರಾಜಾಜಿನಗರದಿಂದ

ಮೊದಲನೆಯದಾಗಿ, ತಾತನ ಸೈಕಲ್ ಕತ್ತರಿಸಬೇಡಿ. ಎಣ್ಣೆ ಬಿಟ್ಟು, ಚಕ್ರದ ಬೆಂಡು ತೆಗೆಸಿ, ಹಾಗೇ ಓಡಿಸಿ. ಕತ್ತರಿಸೋಕೆ ಶಿವಾಜಿನಗರದ ಗುಜರಿಯಲ್ಲೋ ನಿಮ್ಮ ಏರಿಯಾದ ಗುಜರಿ ಅಂಗಡಿಯಲ್ಲೋ ತುಕ್ಕು ಹಿಡಿದ ಫ್ರೇಮ್ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಇನ್ನೊಂದು ಕಾರಣವೂ ಇದೆ. ತಾತನ ಸೈಕಲ್ಲಿನ 28 ಇಂಚಿನ ಚಕ್ರದಲ್ಲಿ ಟೈರು ಕೂರುವ ಜಾಗದ ವ್ಯಾಸ 635 ಮಿಲಿಮೀಟರ್. ಕ್ರೂಸರ್‌ಗೆ ಹಾಕುವ 26 x 2.125 ಟೈರಿಗೆ ಬೇಕಾಗಿರೋದು 559. ಒಂದಕ್ಕೊಂದು ಹೊಂದುವುದೇ ಇಲ್ಲ. ಇಲ್ಲಿ ಇನ್ನೊಂದು ಗುಂಡಿ ಇದೆ, ತುಂಬಾ ಜನ ಬೀಳ್ತಾರೆ: 26 x 1⅜ ಅಂತ ಬರೆದಿರುವ ಟೈರೂ 26 ಇಂಚೇ, ಆದರೆ ಅದರ ರಿಮ್ 590. ಹಾಗಾಗಿ ಅಂಗಡಿಯಲ್ಲಿ ಬರೀ 'ಇಪ್ಪತ್ತಾರು ಕೊಡಿ' ಅನ್ನಬೇಡಿ. ಟೈರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 559 ಅಂತ ಇದೆಯಾ ನೋಡಿಯೇ ತನ್ನಿ. ಗೇರ್ ಸೈಕಲ್‌ಗಳಿಗೆ ಬಹಳ ವರ್ಷ ಇದೇ ಅಳತೆ ಹಾಕುತ್ತಿದ್ದರಿಂದ ರಿಮ್, ಟ್ಯೂಬು ಹುಡುಕೋದು ಕಷ್ಟ ಇಲ್ಲ.

ಹ್ಯಾಂಡಲ್ ಕೊನೆಗೆ. ಮೊದಲು ಎರಡೂ ಚಕ್ರ ಪೂರ್ತಿ ಕಟ್ಟಿ, ಟೈರು ಹಾಕಿ, ಗಾಳಿ ತುಂಬಿ ತಂದು ಮನೆಯಲ್ಲಿಟ್ಟುಕೊಳ್ಳಿ. ಯಾಕೆ ಅಂದರೆ ಫ್ರೇಮಿನ ಎಲ್ಲ ಅಳತೆಯೂ ಚಕ್ರದಿಂದಲೇ ಹುಟ್ಟುತ್ತದೆ. ಮೊದಲು ಚೆಂದದ ಫ್ರೇಮ್ ವೆಲ್ಡ್ ಮಾಡಿಸಿ, ಆಮೇಲೆ ಟೈರು ಪೈಪಿಗೆ ಉಜ್ಜುತ್ತದೆ ಅಂತ ಮತ್ತೆ ಗ್ರೈಂಡರ್ ಹಿಡಿಯುವವರನ್ನು ಎಷ್ಟೋ ನೋಡಿದ್ದೇನೆ. 2.125 ಟೈರು ಸುಮಾರು 54 ಮಿ.ಮೀ. ಅಗಲ. ಎರಡೂ ಕಡೆ ಕನಿಷ್ಠ 6 ಮಿ.ಮೀ. ಬಿಡಿ. ಮಡ್‌ಗಾರ್ಡ್ ಬೇಕು ಅಂದರೆ ಇನ್ನೂ ಜಾಸ್ತಿ.

ಆಮೇಲೆ ಟೆರೇಸಿನ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಸೈಕಲ್ಲನ್ನು ನಿಜ ಅಳತೆಯಲ್ಲೇ ಬರೆಯಿರಿ. ಕಂಪ್ಯೂಟರಿನಲ್ಲಿ ಬರೆದಿದ್ದರೂ ಸರಿ, ನೆಲದ ಮೇಲೂ ಒಮ್ಮೆ ಬರೆಯಿರಿ, ಚಕ್ರಗಳನ್ನು ಅದರ ಮೇಲೆ ಮಲಗಿಸಿ. ಈ ಟೈರಿನಲ್ಲಿ ಚಕ್ರದ ಆಕ್ಸಲ್ ನೆಲದಿಂದ ಸುಮಾರು 330 ಮಿ.ಮೀ. ಎತ್ತರಕ್ಕೆ ಬರುತ್ತದೆ. ಪೆಡಲ್ ಆಕ್ಸಲ್ಲನ್ನು ಅದಕ್ಕಿಂತ 40 ಮಿ.ಮೀ. ಕೆಳಗೆ, ಅಂದರೆ 290ಕ್ಕೆ ಇಡಿ. 170 ಮಿ.ಮೀ. ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಹಾಕಿದರೆ, ಪೆಡಲ್ ದಪ್ಪ ಕಳೆದು ನೆಲಕ್ಕೂ ಅದಕ್ಕೂ ಮಧ್ಯೆ 10 ಸೆಂಟಿಮೀಟರ್ ಚಿಲ್ಲರೆ ಉಳಿಯುತ್ತದೆ. ಫೋಟೋಗಳಲ್ಲಿ ನೆಲಕ್ಕೆ ತಾಗುವ ಹಾಗೆ ಕಾಣುವ ಕ್ರೂಸರ್‌ಗಳು ಚೆನ್ನಾಗಿರುತ್ತವೆ, ನಿಜ. ಆದರೆ ನಮ್ಮ ಅಡ್ಡರಸ್ತೆಗಳ ಹಂಪುಗಳ ಮೇಲೆ ಅವು ಹೊಟ್ಟೆ ಉಜ್ಜಿಕೊಳ್ಳುತ್ತವೆ.

ಕೈಯಲ್ಲೇ ಮಾಡೋದು ಏನು, ಕೊಳ್ಳೋದು ಏನು ಅನ್ನೋದಕ್ಕೆ ನನ್ನ ಲೆಕ್ಕ ನೇರ. ತಿರುಗುವುದು, ಬ್ರೇಕ್ ಹಿಡಿಯುವುದು, ಥ್ರೆಡ್ ಇರುವುದು ಎಲ್ಲ ಕೊಳ್ಳಿ: ಹಬ್, ಚೈನು, ಕ್ರ್ಯಾಂಕ್, ಬಾಲ್ಸ್, ಅವು ಕೂರುವ ಬೇರಿಂಗ್ ಕಪ್. ಪೆಡಲ್ ಆಕ್ಸಲ್ ಕೂರುವ ಶೆಲ್ಲನ್ನೂ ಹ್ಯಾಂಡಲ್ ತಿರುಗುವ ಮುಂದಿನ ಹೆಡ್ ಪೈಪನ್ನೂ ಗುಜರಿ ಫ್ರೇಮಿನಿಂದ ಕತ್ತರಿಸಿಕೊಳ್ಳಿ, ಅದರ ಬೇರಿಂಗ್ ಕಪ್, ಆಕ್ಸಲ್ ಜೊತೆಗೇ ಎತ್ತಿಕೊಳ್ಳಿ. ಉಳಿದ ಪೈಪು, ಹ್ಯಾಂಡಲ್, ಮಡ್‌ಗಾರ್ಡ್, ಟ್ಯಾಂಕು, ಬ್ಯಾಡ್ಜು, ಕ್ಯಾರಿಯರ್ ಎಲ್ಲ ನಿಮ್ಮ ಕೈಗೆ. ಹಿಂದಿನ ಚಕ್ರ ಕೂರುವ ಕಚ್ಚು, ಅದೇ ಡ್ರಾಪ್‌ಔಟ್, 6 ಮಿ.ಮೀ. ಪ್ಲೇಟಿನಲ್ಲಿ ಹ್ಯಾಕ್ಸಾ, ಅರ ಹಿಡಿದು ಮಾಡಬಹುದು. ಬೇಡ ಅಂದರೆ ಪೀಣ್ಯದಲ್ಲಿ ಲೇಸರ್ ಕಟಿಂಗ್ ಮಾಡುವವರಿಗೆ ಡ್ರಾಯಿಂಗ್ ಕೊಡಿ. ಕಚ್ಚು ಅಡ್ಡಡ್ಡ ಇರಲಿ, ನೇರ ಕೆಳಕ್ಕೆ ಬೇಡ. ಒಂದೇ ಗೇರಿನ ಸೈಕಲ್ಲಿನಲ್ಲಿ ಚಕ್ರವನ್ನು ಹಿಂದಕ್ಕೆಳೆದೇ ತಾನೇ ಚೈನು ಬಿಗಿ ಮಾಡೋದು?

ವೆಲ್ಡಿಂಗ್ ಅಂಗಡಿಯವರು ಜಿ.ಐ. ಪೈಪು ಹಾಕಿ, ತುಕ್ಕು ಹಿಡಿಯಲ್ಲ ಅಂತಾರೆ. ನೀರಿನ ಪೈಪು ಮನೆಯಲ್ಲೇ ಉಳಿದಿದೆ. ಹಾಕಬಹುದಾ? – ಕೆಂಗೇರಿಯಿಂದ

ಬೇಡ. ಅದರ ಮೇಲಿರೋದು ಸತು. ಸತು 907 ಡಿಗ್ರಿಗೆ ಕುದಿಯುತ್ತದೆ, ಕಬ್ಬಿಣ ಕರಗಬೇಕಾದರೆ 1500 ಹತ್ತಿರ ಬೇಕು. ಹಾಗಾಗಿ ವೆಲ್ಡ್ ಮಾಡುವಾಗ ಸತು ಬಿಳಿ ಹೊಗೆಯಾಗಿ ಏಳುತ್ತದೆ. ಆ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ, ಮೈಕೈ ನೋವು. ಬೆಸುಗೆಯ ಒಳಗೂ ಸಣ್ಣ ತೂತು ಉಳಿಯುತ್ತದೆ. ಅಂಗಡಿಯವರಿಗೆ ಅದು ದಿನಾ ಮಾಡುವ ಕೆಲಸ ಇರಬಹುದು. ಆದರೆ ಗೇಟು ಬೇರೆ, ನೀವು ಕೂತು ಹೋಗುವ ಫ್ರೇಮ್ ಬೇರೆ. ಸತು ಬಳಿಯದ ಸಾದಾ ಕಪ್ಪು ಬಣ್ಣದ ಇ.ಆರ್.ಡಬ್ಲ್ಯೂ. ಪೈಪು (ತಗಡನ್ನು ಸುತ್ತಿ ಉದ್ದಕ್ಕೆ ಬೆಸೆದ ಕಬ್ಬಿಣದ ಪೈಪು) ತನ್ನಿ, ಒಂದು ಇಂಚು, ಒಂದೂಕಾಲು ಇಂಚು, 16 ಗೇಜ್. ಅಂದರೆ ಗೋಡೆ ದಪ್ಪ ಸುಮಾರು 1.6 ಮಿ.ಮೀ. 18 ಗೇಜ್ ಹಗುರ, ಆದರೆ ಕೈ ಪಳಗಿಲ್ಲದವರು ವೆಲ್ಡ್ ಮಾಡಿದರೆ ತೂತು ಬೀಳುತ್ತದೆ.

ನನಗೆ ಇಷ್ಟ ಗ್ಯಾಸ್ ಹಿಡಿದು ಹಾಕುವ ಹಿತ್ತಾಳೆ ಬೆಸುಗೆ. ಹಿತ್ತಾಳೆ 900 ಡಿಗ್ರಿ ಆಸುಪಾಸಿನಲ್ಲೇ ಹರಿಯುತ್ತದೆ, ಪೈಪು ಕರಗುವುದಿಲ್ಲ. ಸಂದಿಗೆ ತಾನೇ ಎಳೆದುಕೊಂಡು ಹೋಗುವುದನ್ನು ನೋಡುವುದೇ ಚೆಂದ. ಆದರೆ ಪೈಪಿನ ತುದಿಯನ್ನು ಇನ್ನೊಂದು ಪೈಪಿನ ಮೈಗೆ ಕೂರುವ ಹಾಗೆ ಅರ್ಧಚಂದ್ರ ಆಕಾರಕ್ಕೆ ಅರ ಹಾಕಿರಬೇಕು. ಮಧ್ಯೆ ಬೆಳಕು ಕಾಣಬಾರದು. ಈ ಅರ ಹಾಕುವ ಕೆಲಸವೇ ಅರ್ಧ ಸೈಕಲ್ ಕಟ್ಟಿದಷ್ಟು, ಅವಸರ ಬೇಡ. ಹಿತ್ತಾಳೆ ಕಡ್ಡಿಯಲ್ಲೂ ಸತು ಇರುತ್ತದೆ, ಅದಕ್ಕೆ ಗಾಳಿಯಾಡುವ ಕಡೆಯೇ ಕೆಲಸ ಮಾಡಿ.

ಎಲ್ಲ ಜಾಗಕ್ಕೂ ಮೊದಲು ಚುಕ್ಕಿ ಚುಕ್ಕಿ ಟ್ಯಾಕ್ ಹಾಕಿಸಿ, ಆಮೇಲೆ ಎಡ ಸ್ವಲ್ಪ, ಬಲ ಸ್ವಲ್ಪ ಅಂತ ಪೂರ್ತಿ ಮಾಡಿಸಿ. ಒಂದೇ ಕಡೆ ಎಳೆದುಕೊಂಡು ಹೋದರೆ ಆರುವಾಗ ಪೈಪು ಆ ಕಡೆಗೆ ವಾಲುತ್ತದೆ. ಟ್ಯಾಕ್ ಆದ ಕೂಡಲೇ ದಾರದ ಪರೀಕ್ಷೆ ಮಾಡಿ: ಎಡ ಡ್ರಾಪ್‌ಔಟಿಗೆ ದಾರ ಕಟ್ಟಿ, ಮುಂದೆ ಹೆಡ್ ಪೈಪನ್ನು ಬಳಸಿ, ಬಲ ಡ್ರಾಪ್‌ಔಟಿಗೆ ಬಿಗಿಯಾಗಿ ಕಟ್ಟಿ. ಈಗ ಸೀಟು ಪೈಪಿನಿಂದ ಎಡದ ದಾರ ಎಷ್ಟು ದೂರ, ಬಲದ ದಾರ ಎಷ್ಟು ದೂರ ಅಂತ ಸ್ಕೇಲ್ ಇಟ್ಟು ಅಳೆಯಿರಿ. ಎರಡು ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ಆಗಲೇ ಟ್ಯಾಕ್ ಒಡೆದು ಸರಿ ಮಾಡಿ. ಪೂರ್ತಿ ಬೆಸುಗೆ ಆದ ಮೇಲೆ ಕೈ ಹಿಡಿದು ಎಳೆದರೆ ಬರಲ್ಲ.

ಮುಂದಿನ ಫೋರ್ಕ್ ಉದ್ದಕ್ಕೆ ಚಾಚಿಕೊಂಡಿರೋ ಹಾಗೆ, ಚಾಪರ್ ಬೈಕ್ ಥರ ಮಾಡಿಸಿದೆ. ನಿಧಾನಕ್ಕೆ ಹೋದರೆ ಹ್ಯಾಂಡಲ್ ತಾನೇ ಪಕ್ಕಕ್ಕೆ ಬೀಳುತ್ತೆ. ಏನು ಮಾಡ್ಲಿ ಅಣ್ಣಾ? – ಯಶವಂತಪುರದಿಂದ

ಹೆಡ್ ಪೈಪನ್ನು ಹಿಂದಕ್ಕೆ ಮಲಗಿಸಿದ್ದೀರಿ, ಆದರೆ ಫೋರ್ಕಿನ ತುದಿಯ ಬಾಗು ಮೊದಲಿನಷ್ಟೇ ಉಳಿದಿದೆ. ಹೆಡ್ ಪೈಪಿನ ಗೆರೆ ನೆಲಕ್ಕೆ ತಾಗುವ ಜಾಗಕ್ಕೂ ಟೈರು ನೆಲಕ್ಕೆ ತಾಗುವ ಜಾಗಕ್ಕೂ ಮಧ್ಯೆ ಇರುವ ಅಂತರ ಟ್ರೇಲ್. 26 ಇಂಚಿನ ಚಕ್ರ, 68 ಡಿಗ್ರಿ ಹೆಡ್, 50 ಮಿ.ಮೀ. ಬಾಗು ಇದ್ದರೆ ಟ್ರೇಲ್ ಸುಮಾರು 80 ಮಿ.ಮೀ. ಬರುತ್ತದೆ. ಕ್ರೂಸರ್‌ಗೆ ಒಳ್ಳೆಯದು, ಕೈ ಬಿಟ್ಟರೂ ನೇರ ಹೋಗುತ್ತದೆ. ಅದೇ ಬಾಗು ಇಟ್ಟುಕೊಂಡು ಹೆಡ್ಡನ್ನು 60 ಡಿಗ್ರಿಗೆ ಮಲಗಿಸಿದರೆ ಟ್ರೇಲ್ 130 ದಾಟುತ್ತದೆ, ಹ್ಯಾಂಡಲ್ ಪಕ್ಕಕ್ಕೆ ಬೀಳುವುದು ಅದಕ್ಕೇ. ಫ್ರೇಮ್ ಕತ್ತರಿಸಬೇಕಿಲ್ಲ. ಬಾಗು 100 ಮಿ.ಮೀ. ಬರುವ ಹಾಗೆ ಬೇರೆ ಫೋರ್ಕ್ ಮಾಡಿಸಿ, ಟ್ರೇಲ್ 75ಕ್ಕೆ ಇಳಿಯುತ್ತದೆ. ಫೋರ್ಕಿನ ಕಾಲುಗಳಿಗೆ ಮಾತ್ರ ದಪ್ಪ ಗೋಡೆಯ ಪೈಪೇ ಇರಲಿ, ಅದು ಮುರಿದರೆ ಸೀದಾ ಮುಖದ ಮೇಲೆ ಬೀಳೋದು.

ನನ್ನ ತಮ್ಮ ಕ್ರೂಸರ್ ಕಟ್ಟುತ್ತಿದ್ದಾನೆ. ಬ್ರೇಕ್ ಲಿವರ್, ವೈರು ಹ್ಯಾಂಡಲ್ ಅಂದ ಕೆಡಿಸುತ್ತೆ, ಹಿಂದಕ್ಕೆ ತುಳಿದರೆ ಹಿಡಿಯೋ ಬ್ರೇಕ್ ಒಂದೇ ಸಾಕು ಅಂತ ಹಟ. ನಮ್ಮದು ಏರು ಇಳಿಜಾರಿನ ರಸ್ತೆ. ನೀವಾದರೂ ಹೇಳಿ. – ಮಲ್ಲೇಶ್ವರದಿಂದ

ಮೇಡಂ, ನಿಮ್ಮ ಭಯ ಸರಿಯಾಗಿದೆ, ಈ ಉತ್ತರ ಅವರಿಗೇ ತೋರಿಸಿ. ಹಿಂದಕ್ಕೆ ತುಳಿಯುವ ಕೋಸ್ಟರ್ ಬ್ರೇಕ್ ಒಳ್ಳೆಯ ಬ್ರೇಕ್, ಮಳೆಯಲ್ಲೂ ಹಿಡಿಯುತ್ತದೆ. ಆದರೆ ಅದು ಕೆಲಸ ಮಾಡೋದು ಚೈನಿನ ಮೂಲಕ. ಇಳಿಜಾರಿನಲ್ಲಿ ಚೈನು ಕಳಚಿತು ಅಂದರೆ ಬ್ರೇಕೇ ಇಲ್ಲ. ಉದ್ದ ಇಳಿಜಾರಿನಲ್ಲಿ ಹಬ್ ಕಾದು ಒಳಗಿನ ಗ್ರೀಸ್ ಸುಡುತ್ತದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಟಾಮಲ್‌ಪೈಸ್ ಬೆಟ್ಟದಲ್ಲಿ ಹಳೇ ಕ್ರೂಸರ್‌ಗಳನ್ನು ಇಳಿಸುತ್ತಿದ್ದ ಹುಡುಗರು ಕೆಳಗೆ ಬಂದ ಮೇಲೆ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಾಗುತ್ತಿತ್ತು. ಅವರ ಆ ಆಟದಿಂದಲೇ ಮುಂದೆ ಮೌಂಟನ್ ಬೈಕ್ ಹುಟ್ಟಿದ್ದು. ಮುಂದೆ ಒಂದು ಬ್ರೇಕ್ ಇರಲೇಬೇಕು. ವೈರು ಕಾಣಬಾರದು ಅಂದರೆ ಹ್ಯಾಂಡಲ್ ಪೈಪಿನ ಒಳಗೇ ಹಾಯಿಸಲಿ, ತೂತಿನ ಅಂಚಿಗೆ ಅರ ಹಾಕಿ ನುಣ್ಣಗೆ ಮಾಡಲಿ. ಕೋಸ್ಟರ್ ಹಬ್ಬಿನ ಪಕ್ಕದಲ್ಲಿ ಒಂದು ಉದ್ದ ಪಟ್ಟಿ ಇರುತ್ತದಲ್ಲ, ಅದನ್ನು ಫ್ರೇಮಿಗೆ ಕ್ಲ್ಯಾಂಪ್ ಹಾಕಿ ಬೋಲ್ಟ್ ಮಾಡದೆ ಸೈಕಲ್ ಓಡಿಸಲೇಬಾರದು. ಬ್ರೇಕ್ ಹಾಕಿದಾಗ ಆ ಪಟ್ಟಿಯೇ ತಡೆದು ನಿಲ್ಲೋದು.

ಏರು ಅಂದಿರಲ್ಲ, ಗೇರ್ ಅನುಪಾತವನ್ನೂ ನೋಡಿಕೊಳ್ಳಲಿ. ಮುಂದೆ 44 ಹಲ್ಲು, ಹಿಂದೆ 18 ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ 5 ಮೀಟರ್ ಓಡುತ್ತದೆ. ಇಂಥ 15–20 ಕಿಲೋ ಸೈಕಲ್ಲನ್ನು ಆ ಗೇರಿನಲ್ಲಿ ಏರಿಗೆ ತುಳಿಯೋಕೆ ಮಂಡಿ ಸೋಲುತ್ತದೆ. ಹಿಂದೆ 22 ಹಲ್ಲು ಹಾಕಿದರೆ 4 ಮೀಟರ್ ಚಿಲ್ಲರೆಗೆ ಇಳಿಯುತ್ತದೆ. ಅದು ಸರಿ.

ಮಡ್‌ಗಾರ್ಡ್, ಟ್ಯಾಂಕು, ಹೆಸರಿನ ಬ್ಯಾಡ್ಜು ಎಲ್ಲ ಲೋಹದಲ್ಲೇ ಕೈಯಲ್ಲಿ ಮಾಡಬೇಕು. ಮನೆಯಲ್ಲಿ ಆಗುತ್ತಾ? – ಬಸವನಗುಡಿಯಿಂದ

ಆಗುತ್ತದೆ, ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟದ ಭಾಗ ಇದೇ. ಪೈಪುಗಳ ಮಧ್ಯೆ ಕೂರುವ ಟ್ಯಾಂಕಿನಲ್ಲಿ ಪೆಟ್ರೋಲ್ ಏನೂ ಇರೋದಿಲ್ಲ, ಅದು ಅಂದಕ್ಕೆ. ಶಿಕಾಗೋದ ಶ್ವಿನ್ ಕಂಪನಿ 1933ರಲ್ಲಿ ಬಲೂನ್ ಟೈರಿನ ಸೈಕಲ್ ತಂದು, ಮರುವರ್ಷ ಮೋಟರ್‌ಸೈಕಲ್ ಹಾಗೆ ಕಾಣಲಿ ಅಂತ ಟ್ಯಾಂಕೂ ಕೂರಿಸಿತು. ಕ್ರೂಸರ್ ರೂಪ ಅಲ್ಲಿಂದ ಬಂದಿದ್ದು.

ಮೊದಲು ರಟ್ಟಿನಲ್ಲಿ ಕತ್ತರಿಸಿ ಫ್ರೇಮಿಗೆ ಹಿಡಿದು ನೋಡಿ. ಒಪ್ಪಿಗೆ ಆದ ಮೇಲೆ 20 ಗೇಜ್ ಸಿ.ಆರ್. ಶೀಟ್, ಅಂದರೆ ನುಣುಪಾದ ಕಬ್ಬಿಣದ ತಗಡು ತನ್ನಿ. ದಪ್ಪ ಚರ್ಮದ ಚೀಲದಲ್ಲಿ ಮರಳು ತುಂಬಿ, ತಗಡನ್ನು ಅದರ ಮೇಲಿಟ್ಟು ಮರದ ಕೊಡತಿಯಲ್ಲಿ ಅಂಚಿನಿಂದ ಒಳಕ್ಕೆ ಸುತ್ತುತ್ತಾ ಬಡಿಯಿರಿ. ಮೊದಲು ಪೂರ್ತಿ ಸುಕ್ಕು ಸುಕ್ಕಾಗಿ ಕಾಣುತ್ತದೆ, ಗಾಬರಿ ಬೇಡ. ಆಮೇಲೆ ಕೆಳಗೆ ಗುಂಡನೆಯ ಕಬ್ಬಿಣ ಹಿಡಿದು, ಮೇಲೆ ಚಪ್ಪಟೆ ಸುತ್ತಿಗೆಯಲ್ಲಿ ಹಗುರವಾಗಿ ತಟ್ಟುತ್ತಾ ಬಂದರೆ ಮೈ ನುಣುಪಾಗುತ್ತದೆ. ಗ್ಯಾರೇಜಿನ ಟಿಂಕರಿಂಗ್ ಕೆಲಸದವರು ಕಾರಿನ ಬಾಗಿಲು ಸರಿ ಮಾಡೋದೂ ಹೀಗೇ. ಅವರ ಪಕ್ಕದಲ್ಲಿ ಒಂದು ಮಧ್ಯಾಹ್ನ ನಿಂತು ನೋಡಿ, ಏಟಿನ ತೂಕ ಗೊತ್ತಾಗುತ್ತದೆ. ಮಡ್‌ಗಾರ್ಡ್ ಅಂಚನ್ನು ಬರೀ ಕತ್ತರಿಸಿ ಬಿಡಬೇಡಿ, 3 ಮಿ.ಮೀ. ತಂತಿ ಇಟ್ಟು ಅದರ ಮೇಲೆ ಮಡಚಿ. ಬಲವೂ ಬರುತ್ತದೆ, ಕೈಯೂ ಕೊಯ್ಯುವುದಿಲ್ಲ.

ಅಲ್ಯೂಮಿನಿಯಂ ತಗಡಾದರೆ ಬಡಿದಂತೆ ಗಟ್ಟಿಯಾಗಿ ಕೊನೆಗೆ ಸೀಳುತ್ತದೆ. ಮೈಗೆಲ್ಲ ಬಟ್ಟೆ ಸೋಪು ಉಜ್ಜಿ, ಗ್ಯಾಸ್ ಉರಿಯನ್ನು ಆಡಿಸುತ್ತಾ ಕಾಯಿಸಿ. ಸೋಪು ಕಪ್ಪಗಾದ ಕೂಡಲೇ ಉರಿ ತೆಗೆಯಿರಿ, ತಗಡು ಮತ್ತೆ ಮೆತ್ತಗಾಗಿರುತ್ತದೆ. ಅಲ್ಯೂಮಿನಿಯಂ ಕೆಂಪಗಾಗಿ ಎಚ್ಚರಿಕೆ ಕೊಡುವುದಿಲ್ಲ, 660 ಡಿಗ್ರಿಗೆ ಸುಮ್ನೆ ಕರಗಿ ಬೀಳುತ್ತದೆ. ಸೋಪೇ ನಿಮಗೆ ಗುರುತು.

ಬ್ಯಾಡ್ಜಿಗೆ 1 ಮಿ.ಮೀ. ಹಿತ್ತಾಳೆ ತಗಡು ಸಾಕು. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸರ್ಕ್ಯೂಟ್ ಬೋರ್ಡಿಗೆ ಬಳಸುವ ಫೆರಿಕ್ ಕ್ಲೋರೈಡ್ ಸಿಗುತ್ತದೆ. ಅಕ್ಷರಗಳನ್ನು ನೈಲ್ ಪಾಲಿಷಿನಲ್ಲಿ ಬರೆದು, ತಗಡಿನ ಹಿಂಬದಿಗೂ ಅಂಚಿಗೂ ಅದನ್ನೇ ಬಳಿದು, ಪ್ಲಾಸ್ಟಿಕ್ ಡಬ್ಬಿಯಲ್ಲಿರುವ ಆ ದ್ರಾವಣದಲ್ಲಿ ಮುಖ ಕೆಳಗೆ ಮಾಡಿ ತೂಗುಬಿಡಿ. ಕರಗಿದ್ದು ಕೆಳಗೆ ಉದುರುತ್ತಾ ಹೋಗುವುದರಿಂದ ಅಕ್ಷರದ ಅಂಚು ಚೊಕ್ಕವಾಗಿ ಬರುತ್ತದೆ. ಕೈಗವಸು ಹಾಕಿ, ಸ್ಟೀಲ್ ಪಾತ್ರೆ ಹತ್ತಿರಕ್ಕೂ ತರಬೇಡಿ, ಉಳಿದಿದ್ದನ್ನು ಸಿಂಕಿಗೆ ಸುರಿಯಬೇಡಿ.

ಇನ್ನು ಹ್ಯಾಂಡಲ್. 22.2 ಮಿ.ಮೀ. ಹೊರವ್ಯಾಸದ ಪೈಪೇ ಬೇಕು, ಗ್ರಿಪ್ಪು, ಲಿವರ್ ಎಲ್ಲ ಅದಕ್ಕೇ ಮಾಡಿರೋದು. ಕಬ್ಬಿಣದ ಕುರ್ಚಿ ಮಾಡುವ ವರ್ಕ್‌ಶಾಪಿನಲ್ಲಿ ಬೆಂಡಿಂಗ್ ಮೆಷಿನ್ ಇರುತ್ತದೆ. ನೀವೇ ಕಾಯಿಸಿ ಬಗ್ಗಿಸುವುದಾದರೆ ಒಳಗೆ ಮರಳು ತುಂಬಿ, ಆದರೆ ಅದನ್ನು ಮೊದಲು ಬಾಣಲಿಯಲ್ಲಿ ಚೆನ್ನಾಗಿ ಹುರಿದುಕೊಳ್ಳಿ. ಹಸಿ ಮರಳಿನ ನೀರು ಒಳಗೆ ಆವಿಯಾಗಿ, ಪೈಪಿನ ಬಾಯಿಗೆ ಹಾಕಿದ ಬಿರಡೆಯನ್ನು ಗುಂಡಿನ ಹಾಗೆ ಹಾರಿಸುತ್ತದೆ.

ಪೌಡರ್ ಕೋಟಿಂಗಾ, ಕ್ರೋಮಾ? – ಜಯನಗರದಿಂದ

ಫ್ರೇಮಿಗೆ ಪೌಡರ್ ಕೋಟಿಂಗ್, ಹ್ಯಾಂಡಲ್‌ಗೆ ಕ್ರೋಮ್. ಪೂರ್ತಿ ಫ್ರೇಮಿಗೆ ಕ್ರೋಮ್ ಬೇಡ, ತೊಳೆಯುವ ಆಸಿಡ್ ಪೈಪಿನೊಳಗೆ ಉಳಿದರೆ ಒಳಗಿಂದಲೇ ತಿನ್ನುತ್ತದೆ. ಪೌಡರ್ ಕೋಟಿಂಗ್ ಒಲೆಯಲ್ಲಿ ಸುಮಾರು 180–200 ಡಿಗ್ರಿ ಶಾಖ ಇರುತ್ತದೆ. ಬೆಸುಗೆ ಮುಚ್ಚೋಕೆ ಕಾರಿನ ಪುಟ್ಟಿ ಮೆತ್ತಿದ್ದರೆ ಅದು ಬಿರಿಯುತ್ತದೆ, ಹಾಗಾಗಿ ಅರ ಹಾಕಿಯೇ ನುಣ್ಣಗೆ ಮಾಡಿ. ಥ್ರೆಡ್ ಇರುವ ಜಾಗಕ್ಕೆ ಹಳೇ ಬೇರಿಂಗ್ ಕಪ್ ತಿರುಗಿಸಿ ಹಾಕಿ ಕಳಿಸಿ. ಸೀಟಿಗೆ ರೆಕ್ಸಿನ್ ಹೊಲಿಸೋಕೆ ಜೆ.ಸಿ. ರೋಡ್.

ಸೈಕಲ್ ರೆಡಿ. ಮೊದಲ ಸವಾರಿ ಎಲ್ಲಿ ಮಾಡೋದು? – ಶಾಂತಿನಗರದಿಂದ

ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ. ಆ ದಿನ ಒಳಗೆ ವಾಹನ ಬಿಡುವುದಿಲ್ಲ, ನೆಮ್ಮದಿಯಾಗಿ ಸುತ್ತು ಹೊಡೆಯಬಹುದು. ವಾಪಸ್ ಬಂದ ಮೇಲೆ ಹೆಡ್ ಪೈಪಿನ ಬೆಸುಗೆಯನ್ನು ಟಾರ್ಚ್ ಹಾಕಿ ನೋಡಿ, ಪೇಂಟಿನಲ್ಲಿ ಕೂದಲಿನಷ್ಟು ಗೆರೆ ಕಂಡರೂ ಓಡಿಸಬೇಡಿ, ವೆಲ್ಡರ್ ಹತ್ತಿರ ಹೋಗಿ. ಹೊಸ ಚಕ್ರದ ಕಡ್ಡಿಗಳು ಸಡಿಲ ಆಗಿರುತ್ತವೆ, ಬೆಂಡು ತೆಗೆಸಿ. ಕ್ರ್ಯಾಂಕನ್ನು ಆಕ್ಸಲ್ಲಿಗೆ ಹಿಡಿದಿಡುವ ಕಾಟರ್ ಪಿನ್ ಇದ್ದರೆ ಅದರ ನಟ್ಟನ್ನು ಇನ್ನೊಮ್ಮೆ ಬಿಗಿ ಮಾಡಿ.